ಕಲಬುರಗಿಯ ಬಿಸಿಲು, ಮುಪ್ಪಿನ ವಿಜ್ಞಾನ ಮತ್ತು ನನ್ನ ಮೊದಲ ಪೋಸ್ಟರ್

ನಾನು ಕಲಬುರಗಿಯಲ್ಲಿ ಪ್ರಾಣಿಶಾಸ್ತ್ರದಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ. ವಿಷಯ ಮುಪ್ಪು. ಬಾಳೆಹಣ್ಣು ಜಾಸ್ತಿ ಕಳಿತರೆ ಸುತ್ತ ಸಣ್ಣ ನೊಣಗಳು ಹಾರಾಡುತ್ತವಲ್ಲ, ಆ ಡ್ರೊಸೊಫಿಲಾಗಳ ಮುಪ್ಪು. 25 ಡಿಗ್ರಿಯಲ್ಲಿ ಇಟ್ಟರೆ ಎರಡು ಮೂರು ತಿಂಗಳಲ್ಲಿ ಈ ನೊಣ ಹುಟ್ಟಿ, ಬೆಳೆದು, ಮುದಿಯಾಗಿ ಸಾಯುತ್ತದೆ. ಇಡೀ ಬದುಕನ್ನು ಕಣ್ಣೆದುರೇ ನೋಡಬಹುದು. ಮುಪ್ಪನ್ನು ಅಭ್ಯಾಸ ಮಾಡುವವರು ನೂರು ವರ್ಷದಿಂದ ಈ ನೊಣದ ಬೆನ್ನು ಬಿಡದಿರುವುದು ಅದಕ್ಕೇ.

ನನ್ನ ಪ್ರಶ್ನೆ ಇಷ್ಟೇ: ವಯಸ್ಸಾದಂತೆ ಬಿಸಿ ತಡೆಯುವ ಶಕ್ತಿ ಎಷ್ಟು ಇಳಿಯುತ್ತದೆ? ಬೇರೆ ಬೇರೆ ವಯಸ್ಸಿನ ನೊಣಗಳನ್ನು ಗಾಜಿನ ಕೊಳವೆಗೆ ಹಾಕಿ, ವಾಟರ್ ಬಾತ್ ಅನ್ನುವ ಬಿಸಿನೀರಿನ ತೊಟ್ಟಿಯಲ್ಲಿ ಇಳಿಸಿ, ಒಂದೊಂದೂ ಕಾಲು ಸೋತು ಬೀಳಲು ಎಷ್ಟು ಹೊತ್ತು ಹಿಡಿಯಿತು ಅಂತ ಸ್ಟಾಪ್‌ವಾಚ್ ಹಿಡಿದು ಬರೆದುಕೊಳ್ಳುತ್ತೇನೆ. ಏಪ್ರಿಲ್, ಮೇನಲ್ಲಿ ಹೊರಗೆ 42, 43 ಡಿಗ್ರಿ ಇರುವ ಊರಿನಲ್ಲಿ ಇಂಥ ಪ್ರಶ್ನೆ ಹುಟ್ಟದಿದ್ದರೇ ಆಶ್ಚರ್ಯ. ಆ ಎರಡು ತಿಂಗಳು ನಮ್ಮಲ್ಲಿ ಸರ್ಕಾರಿ ಕಚೇರಿಗಳ ವೇಳೆಯೇ ಬದಲಾಗುತ್ತದೆ. ಬೆಳಿಗ್ಗೆ 8ಕ್ಕೆ ಶುರುವಾಗಿ ಮಧ್ಯಾಹ್ನ ಒಂದೂವರೆಗೆ ಮುಗಿಯುತ್ತದೆ.

ಬೆಂಗಳೂರಿನಲ್ಲಿ ಮುಪ್ಪಿನ ಜೀವಶಾಸ್ತ್ರದ ಸಮ್ಮೇಳನ ಇದೆ, ನಿನ್ನ ಕೆಲಸದ ಸಾರಾಂಶ, ಅಂದರೆ ಅಬ್‌ಸ್ಟ್ರಾಕ್ಟ್ ಕಳಿಸು ಅಂತ ಗೈಡ್ ಮೇಡಂ ಹೇಳಿದ್ದು ಬೇಸಿಗೆಯ ನಡುವೆ. ಅಲ್ಲಿಯವರೆಗೆ ಇಂಥ ಸಮ್ಮೇಳನಗಳ ಬಗ್ಗೆ ಓದಿದ್ದೆ ಅಷ್ಟೇ. ಅಮೆರಿಕದ ಗಾರ್ಡನ್ ರಿಸರ್ಚ್ ಕಾನ್ಫರೆನ್ಸ್‌ಗಳಲ್ಲಿ ಮುಪ್ಪಿನ ಜೀವಶಾಸ್ತ್ರಕ್ಕೆ ಅಂತಲೇ ಸಭೆ ನಡೆಯುತ್ತದೆ. ಅಲ್ಲಿ ಹೇಳಿದ್ದನ್ನು ಯಾರೂ ಫೋಟೋ ತೆಗೆಯುವಂತಿಲ್ಲ, ರೆಕಾರ್ಡ್ ಮಾಡುವಂತಿಲ್ಲ. ಇನ್ನೂ ಅಚ್ಚಾಗದ ಕೆಲಸವನ್ನು ಹೆದರದೆ ಹೇಳಿಕೊಳ್ಳಲಿ ಅಂತ ಆ ನಿಯಮ. ಅಮೆರಿಕದ್ದೇ ಆದ ಕೋಲ್ಡ್ ಸ್ಪ್ರಿಂಗ್ ಹಾರ್ಬರ್ ಪ್ರಯೋಗಾಲಯದಲ್ಲಿ ಎರಡು ವರ್ಷಕ್ಕೊಮ್ಮೆ ಸೇರುತ್ತಾರೆ. ಕೋಪನ್‌ಹೇಗನ್‌ನಲ್ಲಿ ಪ್ರತಿ ವರ್ಷ ನಡೆಯುವ ಸಭೆಗೆ ಔಷಧ ಕಂಪನಿಗಳೂ ಬರುತ್ತವೆ. ಅಲ್ಲಿಗೆಲ್ಲ ಹೋಗುವ ಖರ್ಚು ನಮ್ಮಂಥವರಿಗೆ ದೂರದ ಮಾತು. ನಮ್ಮ ದೇಶಕ್ಕೂ ಈ ವಿಷಯ ಹೊಸದೇನಲ್ಲ. ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಎಂ. ಎಸ್. ಕಾನುಂಗೊ ಅವರು ದಶಕಗಳ ಹಿಂದೆಯೇ ವಯಸ್ಸಾದಂತೆ ಜೀನ್‌ಗಳ ಕೆಲಸ ಹೇಗೆ ಬದಲಾಗುತ್ತದೆ ಅಂತ ಹುಡುಕುತ್ತಿದ್ದರು. 2024ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಮುಪ್ಪಿನ ಸಂಶೋಧನೆಗೆ ಅಂತ ಲಾಂಜೆವಿಟಿ ಇಂಡಿಯಾ ಅನ್ನುವ ಯೋಜನೆ ಶುರುವಾಯಿತು. ಈಗ ಒಂದು ರಾತ್ರಿ ರೈಲಿನಲ್ಲಿ ಕೂತರೆ ಈ ಚರ್ಚೆ ನಡೆಯುವ ಜಾಗ ತಲುಪಬಹುದು. ನಮಗೆ ಇದು ದೊಡ್ಡ ವಿಷಯ.

ಅಬ್‌ಸ್ಟ್ರಾಕ್ಟ್‌ಗೆ 250 ಪದಗಳ ಮಿತಿ. ಬರೆಯುವ ಮುಂಚೆ ಮೇಡಂ ಎದುರಿಗೆ ಕೂರಿಸಿಕೊಂಡು ಹೇಳಿದರು: "ನೋಡವ್ವ, ಮೊದಲ ಸಾಲಿನಾಗ ಪ್ರಶ್ನಿ ಇರಬೇಕು. ಆಮ್ಯಾಲ ಏನ್ ಮಾಡಿದಿ, ಏನ್ ಸಿಕ್ತು. ಜಗತ್ತಿನಾಗ ಮುದುಕರು ಎಷ್ಟು ಮಂದಿ ಅದಾರ ಅಂತ ಅಲ್ಲಿ ಕುಂತವರಿಗೆ ಗೊತ್ತದ." ಈ ಮಾತನ್ನು ಈಗ ನಾನು ನನ್ನ ಜೂನಿಯರ್‌ಗಳಿಗೂ ಹೇಳುತ್ತೇನೆ. ಆಯ್ಕೆ ಮಾಡುವವರು ಒಂದೇ ಕೂತಲ್ಲಿ ನೂರಾರು ಅಬ್‌ಸ್ಟ್ರಾಕ್ಟ್ ಓದುತ್ತಾರೆ. ಪ್ರಶ್ನೆ ಎಲ್ಲಿದೆ ಅಂತ ಹುಡುಕುವಷ್ಟು ಪುರುಸೊತ್ತು ಅವರಿಗೆ ಇರುವುದಿಲ್ಲ.

ಪೋಸ್ಟರ್‌ಗೆ ಆಯ್ಕೆಯಾಗಿದೆ ಅಂತ ಮೇಲ್ ಬಂತು. ಅಂದರೆ ನನ್ನ ಕೆಲಸವನ್ನು ಒಂದು ದೊಡ್ಡ ಹಾಳೆಯಲ್ಲಿ ತೂಗುಹಾಕಿ, ಎದುರು ನಿಂತು ವಿವರಿಸಬೇಕು. ವಿದ್ಯಾರ್ಥಿಗಳಿಗೆ ಶುಲ್ಕ ಕಡಿಮೆ ಇತ್ತು. ಉಳಿಯಲು ಹಾಸ್ಟೆಲ್ ಕೋಣೆ ಕೊಡುತ್ತೇವೆ ಅಂದರು. ರೈಲಿನ ಖರ್ಚಿಗೆ ವಿಭಾಗದಿಂದ ಸ್ವಲ್ಪ ಸಿಕ್ಕಿತು.

ಹೋಗುವ ಮೊದಲು ಪ್ರಯೋಗವನ್ನು ಇನ್ನೊಂದು ಸುತ್ತು ಮಾಡಬೇಕಿತ್ತು. ಈ ಕೆಲಸ ಹೊರಗಿನವರಿಗೆ ಗೊತ್ತಿರುವುದಿಲ್ಲ, ಅದಕ್ಕೆ ಸ್ವಲ್ಪ ಬಿಡಿಸಿ ಹೇಳುತ್ತೇನೆ. ನೊಣಗಳಿಗೆ ಆಹಾರ ನಾವೇ ಬೇಯಿಸುತ್ತೇವೆ. ಒಂದು ಲೀಟರ್ ನೀರಿಗೆ 100 ಗ್ರಾಂ ಗೋಧಿ ರವೆ, 100 ಗ್ರಾಂ ಬೆಲ್ಲ, ಪಾಕ ಗಟ್ಟಿಯಾಗಲು 10 ಗ್ರಾಂ ಅಗರ್. ಬೂಸ್ಟು ಬಾರದಿರಲಿ ಅಂತ ಕೊನೆಗೆ ಸ್ವಲ್ಪ ಪ್ರೊಪಿಯಾನಿಕ್ ಆಸಿಡ್. ಮೈಸೂರಿನ ಕಡೆಯ ಡ್ರೊಸೊಫಿಲಾ ಲ್ಯಾಬ್‌ಗಳಲ್ಲಿ ಬಳಕೆಯಲ್ಲಿರುವ ಪಾಕ ಇದು. ಬಾಟಲಿಗೆ ಸುರಿದು, ಆರಿದ ಮೇಲೆ ಯೀಸ್ಟ್ ಹಾಕಿ, ನೊಣ ಬಿಟ್ಟು, ಹತ್ತಿಯ ಬಿರಡೆ ಹಾಕುತ್ತೇವೆ. ಕೆಲವು ದಿನಕ್ಕೊಮ್ಮೆ ಹೊಸ ಆಹಾರಕ್ಕೆ ವರ್ಗಾಯಿಸಬೇಕು. ಆಗ ಸತ್ತವನ್ನು ಎಣಿಸಬೇಕು. ಹಬ್ಬ, ಭಾನುವಾರ ಅಂತ ಬಿಡುವಂತಿಲ್ಲ. ನೀವು ಎಣಿಸದ ದಿನ ಸತ್ತ ನೊಣ ಯಾವತ್ತು ಸತ್ತಿತು ಅಂತ ಆಮೇಲೆ ಯಾರೂ ಹೇಳಲಾರರು.

ಕಲಬುರಗಿಯ ಬೇಸಿಗೆಯಲ್ಲಿ ಇನ್ನೂ ಒಂದು ತೊಡಕಿದೆ. ಇಲ್ಲಿಯದು ಒಣ ಬಿಸಿ. ಆಹಾರ ಬೇಗ ಒಣಗಿ ಬಿರಿಯುತ್ತದೆ. ಹಾಗಾದರೆ ನೊಣ ಬಿದ್ದದ್ದು ಬಿಸಿಗೋ, ನೀರಡಿಕೆಗೋ? ಎರಡನ್ನೂ ಬೇರೆ ಮಾಡದಿದ್ದರೆ ಪ್ರಯೋಗಕ್ಕೆ ಅರ್ಥವಿಲ್ಲ. ಅದಕ್ಕೆ ಇನ್‌ಕ್ಯುಬೇಟರ್, ಅಂದರೆ ಬೇಕಾದ ತಾಪ ಕಾಪಾಡುವ ಪೆಟ್ಟಿಗೆಯ ಒಳಗೆ ನೀರಿನ ತಟ್ಟೆ ಇಟ್ಟು ತೇವ ಕಾಪಾಡುತ್ತೇವೆ, ಕೊಳವೆಯ ಬಿರಡೆಯನ್ನೂ ಒದ್ದೆ ಮಾಡುತ್ತೇವೆ. ಕರೆಂಟ್ ಹೋದರೆ ಬ್ಯಾಟರಿ ಎಷ್ಟು ಹೊತ್ತು ಎಳೆಯುತ್ತದೆ ಅನ್ನುವ ಲೆಕ್ಕ ನಮ್ಮ ಲ್ಯಾಬಿನಲ್ಲಿ ಎಲ್ಲರಿಗೂ ಬಾಯಿಪಾಠ.

ಇನ್‌ಕ್ಯುಬೇಟರ್ ಬಿಸಿಗೂ ಈ ನೊಣಕ್ಕೂ ಒಂದು ಹಳೆಯ ನಂಟಿದೆ. ಇಟಲಿಯ ಫೆರುಚ್ಚೊ ರಿಟೋಸ್ಸಾ ಎಂಬ ವಿಜ್ಞಾನಿಯ ಲ್ಯಾಬಿನಲ್ಲಿ ಯಾರೋ ಇನ್‌ಕ್ಯುಬೇಟರ್‌ನ ತಾಪ ಏರಿಸಿಬಿಟ್ಟಿದ್ದರು. ಆ ಬಿಸಿ ತಾಗಿದ ಡ್ರೊಸೊಫಿಲಾ ಮರಿಗಳ ಲಾಲಾಗ್ರಂಥಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಕ್ರೋಮೋಸೋಮ್‌ಗಳ ಮೇಲೆ ಹೊಸ ಹೊಸ ಉಬ್ಬುಗಳು ಎದ್ದಿದ್ದವು. ಬಿಸಿಗೆ ಕೆಲವು ಜೀನ್‌ಗಳು ಎದ್ದು ಕೆಲಸ ಶುರು ಮಾಡಿದ್ದವು. 1962ರಲ್ಲಿ ಅವರು ಅದನ್ನು ಪ್ರಕಟಿಸಿದರು. ಇವತ್ತು ನಾವು ಹೀಟ್ ಶಾಕ್ ಪ್ರೋಟೀನ್ ಅಂತ ಓದುವ ಪಾಠದ ಬುಡ ಅದೇ. ನನ್ನ ಪೋಸ್ಟರ್‌ನ ಮೊದಲ ಚಿತ್ರದ ಪಕ್ಕದಲ್ಲಿ ಒಂದೇ ಸಾಲಿನಲ್ಲಿ ಇದನ್ನು ಬರೆದಿದ್ದೆ.

ಪೋಸ್ಟರ್ ಅಳತೆ ಎ0. ಅಂದರೆ ಅಗಲ 84.1, ಉದ್ದ 118.9 ಸೆಂಟಿಮೀಟರ್. ಸೂಪರ್ ಮಾರ್ಕೆಟ್ ಕಡೆಯ ಫ್ಲೆಕ್ಸ್ ಅಂಗಡಿಗೆ ಹೋದೆ. ಅಲ್ಲಿ ಎಲ್ಲ ಫೂಟಿನ ಲೆಕ್ಕ. "ಮೂರು ಬೈ ನಾಲ್ಕು ಹೊಡದ್ ಕೊಡ್ತೀನ್ರಿ ಅಕ್ಕಾರ, ಉಳದಿದ್ದು ಕತ್ತರಿಸೂಣು" ಅಂದ ಅಂಗಡಿಯ ಹುಡುಗ. ಹೊಳೆಯುವ ಫ್ಲೆಕ್ಸ್ ಬೇಡ, ದೀಪದ ಕೆಳಗೆ ಓದಲು ಬರುವುದಿಲ್ಲ ಅಂದಾಗ ಬಟ್ಟೆಯ ಮೇಲೆ ಮುದ್ರಿಸುವ ದಾರಿ ಅವನೇ ತೋರಿಸಿದ. ಮುದ್ರಿಸುವ ಮುಂಚೆ ಒಂದು ಮೂಲೆಯನ್ನು ತೆಗೆದು ತೋರಿಸಿ, "ಈ ಅಕ್ಷರ ನಾಲ್ಕು ಹೆಜ್ಜಿ ದೂರಿಂದ ಕಾಣಂಗಿಲ್ರಿ" ಅಂತ ತಾನಾಗಿಯೇ ಹೇಳಿದ. ಮದುವೆ, ಜಾತ್ರೆ, ಚುನಾವಣೆಯ ಬೋರ್ಡ್ ಮಾಡಿ ಪಳಗಿದ ಕಣ್ಣು ಅದು. ಅಕ್ಷರ ದೊಡ್ಡದು ಮಾಡಿದೆ, ಮಾತು ಕಡಿಮೆ ಮಾಡಿದೆ. ಪೋಸ್ಟರ್ ಎಷ್ಟೋ ಚೆಂದವಾಯಿತು. ಬಟ್ಟೆಯಾದ್ದರಿಂದ ಮಡಚಿ ಚೀಲದಲ್ಲೇ ಇಟ್ಟುಕೊಂಡೆ. ಅವ್ವ ಕಟ್ಟಿಕೊಟ್ಟ ಖಡಕ್ ರೊಟ್ಟಿ, ಶೇಂಗಾ ಹಿಂಡಿಯ ಗಂಟು ಬೇರೆ ಚೀಲದಲ್ಲಿ.

ಸಮ್ಮೇಳನ ನಡೆದದ್ದು ಮಳೆಗಾಲ ಮುಗಿದ ಮೇಲೆ. ಬೆಳಿಗ್ಗೆ ಭಾಷಣ, ಸಂಜೆ ಪೋಸ್ಟರ್. ಭಾಷಣಗಳ ಬಗ್ಗೆ ಎಲ್ಲ ಬರೆಯುವುದಿಲ್ಲ. ಕೆಲವಕ್ಕೆ ನನ್ನ ತಿಳಿವಳಿಕೆ ಸಾಲಲಿಲ್ಲ, ಕೆಲವು ಈಗಾಗಲೇ ಓದಿದ ಪೇಪರ್‌ಗಳೇ. 2013ರಲ್ಲಿ ಸ್ಪೇನಿನ ವಿಜ್ಞಾನಿ ಲೋಪೆಸ್-ಓಟಿನ್ ಮತ್ತು ಸಂಗಡಿಗರು ಮುಪ್ಪಿನ ಒಂಬತ್ತು ಲಕ್ಷಣಗಳನ್ನು ಪಟ್ಟಿ ಮಾಡಿದರು. 2023ರಲ್ಲಿ ಅದನ್ನು ಹನ್ನೆರಡಕ್ಕೆ ಏರಿಸಿದರು. ಹೆಚ್ಚಿನವರು ಆ ಪಟ್ಟಿಯ ಚಿತ್ರ ತೋರಿಸಿಯೇ ಮಾತು ಶುರು ಮಾಡುತ್ತಿದ್ದರು.

ನನಗೆ ಹಿಡಿಸಿದ್ದು ಔಷಧಗಳ ಬಗ್ಗೆ ನಡೆದ ನೇರ ಮಾತು. ರಾಪಾಮೈಸಿನ್ ಕಥೆ ಅಲ್ಲಿ ಬಂತು. ಈಸ್ಟರ್ ದ್ವೀಪದ ಮಣ್ಣಿನಿಂದ ತಂದ ಸೂಕ್ಷ್ಮಜೀವಿಯಲ್ಲಿ ಆ ವಸ್ತುವನ್ನು ಗುರುತಿಸಿದ್ದು ಭಾರತ ಮೂಲದ ಸುರೇನ್ ಸೆಹಗಲ್ ಅವರ ತಂಡ. ಅಮೆರಿಕದ ಮೂರು ಲ್ಯಾಬ್‌ಗಳು ಒಂದೇ ರೀತಿಯಲ್ಲಿ, ಒಟ್ಟಿಗೇ ಮಾಡಿದ ಪರೀಕ್ಷೆಯ ಫಲಿತಾಂಶ 2009ರಲ್ಲಿ ಪ್ರಕಟವಾಯಿತು. 600 ದಿನ ದಾಟಿದ ಇಲಿಗಳಿಗೆ ಕೊಡಲು ಶುರು ಮಾಡಿದರೂ ಅವುಗಳ ಆಯಸ್ಸು ಹೆಚ್ಚಾಯಿತು. ಇಲಿಗೆ 600 ದಿನ ಅಂದರೆ ಆಗಲೇ ಮುಪ್ಪು. ಅದೇ ಲ್ಯಾಬ್‌ಗಳು ಆಮೇಲೆ ಮಾಡಿದ ಪರೀಕ್ಷೆಯಲ್ಲಿ, ಒಂದು ಕಾಲಕ್ಕೆ ಬಹಳ ಹೆಸರು ಮಾಡಿದ್ದ, ದ್ರಾಕ್ಷಿ ಸಿಪ್ಪೆಯಲ್ಲಿರುವ ರೆಸ್ವೆರಟ್ರಾಲ್ ಇಲಿಗಳ ಆಯಸ್ಸನ್ನು ಹೆಚ್ಚಿಸಲಿಲ್ಲ. ಮನುಷ್ಯರ ಆಯಸ್ಸು ಹೆಚ್ಚಿಸುತ್ತದೆ ಅಂತ ಸಾಬೀತಾದ ಮಾತ್ರೆ ಇವತ್ತಿಗೂ ಒಂದೂ ಇಲ್ಲ. ವೇದಿಕೆಯ ಮೇಲೆ ಇದನ್ನು ಗಟ್ಟಿಯಾಗಿ ಹೇಳಿದ್ದು ನನಗೆ ಸಮಾಧಾನ ತಂದಿತು. ಊರಲ್ಲಿ ವಯಸ್ಸಾದವರ ಕೈಯಿಂದ ಶಕ್ತಿಯ ಪುಡಿ, ಆಯಸ್ಸಿನ ಗುಳಿಗೆ ಅಂತ ಎಷ್ಟು ದುಡ್ಡು ಸುಲಿಯುತ್ತಾರೆ ಅನ್ನುವುದು ನಮಗೆಲ್ಲ ಗೊತ್ತಿದೆ.

ಇನ್ನೊಂದು ಭಾಷಣ ನನ್ನ ವಿಷಯಕ್ಕೇ ತಾಗಿತ್ತು. ಪ್ರೋಟೀನ್ ಕೆಲಸ ಮಾಡಬೇಕಾದರೆ ಅದು ಸರಿಯಾಗಿ ಮಡಚಿಕೊಂಡಿರಬೇಕು. ಬಿಸಿ ಆ ಮಡಿಕೆಯನ್ನು ಕೆಡಿಸುತ್ತದೆ. ಮೊಟ್ಟೆಯ ಬಿಳಿಭಾಗ ಬೇಯಿಸಿದಾಗ ಗಟ್ಟಿಯಾಗುವುದು ಇದರಿಂದಲೇ. ಜೀವಕೋಶದೊಳಗೆ ಹೀಗಾಗದಂತೆ ಹೀಟ್ ಶಾಕ್ ಪ್ರೋಟೀನ್‌ಗಳು ಕಾಯುತ್ತವೆ, ಕೆಟ್ಟಿದ್ದನ್ನು ಮತ್ತೆ ಸರಿಯಾಗಿ ಮಡಚುತ್ತವೆ. ವಯಸ್ಸಾದಂತೆ ಈ ಕಾವಲು ಸಡಿಲವಾಗುತ್ತದೆ. ಯಾವಾಗಿನಿಂದ? ಒಂದು ಮಿಲಿಮೀಟರ್ ಉದ್ದದ ಸಿ. ಎಲೆಗಾನ್ಸ್ ಹುಳುವಿನಲ್ಲಿ 2015ರಲ್ಲಿ ಲಬ್ಬಾಡಿಯಾ ಮತ್ತು ಮೊರಿಮೊಟೊ ಎಂಬ ವಿಜ್ಞಾನಿಗಳು ತೋರಿಸಿದ್ದು ಬೆರಗು ಹುಟ್ಟಿಸುತ್ತದೆ. ಹುಳು ಪ್ರಾಯಕ್ಕೆ ಬಂದು ಮೊಟ್ಟೆ ಇಡಲು ಶುರು ಮಾಡುವ ಹೊತ್ತಿಗೇ ಈ ಕಾವಲು ದಿಢೀರನೆ ಇಳಿದುಬಿಡುತ್ತದೆ. ಕೂದಲು ನೆರೆಯುವವರೆಗೆ ಕಾಯುವುದಿಲ್ಲ. ನಾನು ನೊಣಗಳಲ್ಲಿ ನೋಡುತ್ತಿದ್ದ ವಯಸ್ಸುಗಳ ಪಟ್ಟಿಯಲ್ಲಿ ಎಳೆಯ ದಿನಗಳು ಕಡಿಮೆ ಇದ್ದವು. ಅಲ್ಲೇ ನೋಟ್‌ಬುಕ್‌ನಲ್ಲಿ ಇನ್ನೊಂದಿಷ್ಟು ದಿನ ಸೇರಿಸಿ ಬರೆದುಕೊಂಡೆ.

ಸಂಜೆ ಪೋಸ್ಟರ್ ಹೊತ್ತು. ನನ್ನ ಪ್ರಕಾರ ಸಮ್ಮೇಳನ ಅಂದರೆ ಇದೇ. ಭಾಷಣವನ್ನು ಮುಂದೆ ಪೇಪರಾಗಿ ಓದಬಹುದು. ನಿಮ್ಮ ಕೆಲಸದ ಎದುರು ನಿಂತು ನಿಮ್ಮನ್ನೇ ಪ್ರಶ್ನೆ ಕೇಳುವವರು ಬೇರೆ ಎಲ್ಲೂ ಸಿಗುವುದಿಲ್ಲ. ದೊಡ್ಡ ಸಂಸ್ಥೆಗಳಲ್ಲಿ ಪಕ್ಕದ ಕೋಣೆಯಲ್ಲೇ ಅಂಥವರು ಇರುತ್ತಾರೆ. ನಮ್ಮಲ್ಲಿ ಮುಪ್ಪಿನ ಮೇಲೆ ಕೆಲಸ ಮಾಡುವವರು ನಾನು, ಮೇಡಂ, ಒಬ್ಬ ಜೂನಿಯರ್. ಅದಕ್ಕೇ ನಮ್ಮಂಥ ಊರಿನವರಿಗೆ ಈ ಎರಡು ತಾಸು ಬಹಳ ಬೆಲೆಯುಳ್ಳದ್ದು.

ಮೊದಲು ಬಂದವರು ಚಿತ್ರ ನೋಡಿ ಹೋದರು. ಇಬ್ಬರು ಹುಡುಗಿಯರು ಆಹಾರದ ಪಾಕ ಬರೆದುಕೊಂಡರು. ಆಮೇಲೆ ವಯಸ್ಸಾದ ಒಬ್ಬರು ಬಂದರು. ಕನ್ನಡಕ ಏರಿಸಿಕೊಂಡು ಮೇಲಿನಿಂದ ಕೆಳಗಿನವರೆಗೆ ಓದಿದರು. ಕಲಬುರಗಿ ಅನ್ನುವ ಹೆಸರು ನೋಡಿ ಕನ್ನಡದಲ್ಲೇ ಶುರು ಮಾಡಿದರು.

"ಬಿಸಿಗೆ ಬಿದ್ವಾ, ನೀರಿಲ್ದೆ ಬಿದ್ವಾ? ಹೇಗೆ ಬೇರೆ ಮಾಡಿದೆಯಮ್ಮ?"

ನೀರಿನ ತಟ್ಟೆ, ಒದ್ದೆ ಬಿರಡೆ ಎಲ್ಲ ಹೇಳಿದೆ. ತಲೆಯಾಡಿಸಿದರು. ಗಂಡು, ಹೆಣ್ಣು ಬೇರೆ ಇಟ್ಟಿದ್ದೀಯಾ, ಒಂದು ಬಾಟಲಿಗೆ ಎಷ್ಟು ಬಿಡುತ್ತೀಯ, ತೂಕ ನೋಡಿದ್ದೀಯಾ ಅಂತ ಒಂದಾದ ಮೇಲೊಂದು ಕೇಳಿದರು. ಕಡೆಗೆ ಕೇಳಿದ್ದು ಬೇರೆಯೇ.

"ನಿಮ್ಮೂರಲ್ಲಿ ರಾತ್ರಿ ತಣ್ಣಗಾಗುತ್ತಾ?"

ಆಗುತ್ತೆ ಸರ್, ಆದರೆ ಎಲ್ಲರಿಗೂ ಆಗುವುದಿಲ್ಲ ಅಂದೆ. ಅವರು ಸುಮ್ಮನೆ ನಿಂತು ಕೇಳಿಸಿಕೊಂಡರು, ನಾನು ನಮ್ಮ ಮನೆಯದ್ದೇ ಹೇಳಿದೆ. ಬೇಸಿಗೆಯಲ್ಲಿ ನಮ್ಮ ಕಡೆ ಜನ ಮಾಳಿಗೆ ಮೇಲೆ ಮಲಗುತ್ತಾರೆ. ಹಗಲೆಲ್ಲ ಕಾದ ಗೋಡೆ, ಕಾದ ಚಾವಣಿ ರಾತ್ರಿಯಿಡೀ ಬಿಸಿಯನ್ನು ಒಳಗೆ ಬಿಡುತ್ತಿರುತ್ತದೆ, ಮೇಲೆ ಗಾಳಿ ಇರುತ್ತದೆ. ಆದರೆ ನಮ್ಮ ಆಯಿಗೆ, ಅಂದರೆ ಅಜ್ಜಿಗೆ, ಮೊಣಕಾಲು ನೋವು, ಮೆಟ್ಟಿಲು ಹತ್ತಲಾಗದು. ರಾತ್ರಿ ಎರಡು ಮೂರು ಸಲ ಏಳಬೇಕು, ಕತ್ತಲಲ್ಲಿ ಇಳಿಯುವುದು ಇನ್ನೂ ಕಷ್ಟ. ಹಾಗಾಗಿ ನಾವೆಲ್ಲ ಮೇಲೆ, ಆಯಿ ಒಬ್ಬಳೇ ಒಳಗೆ. ನಮ್ಮ ಓಣಿಯಲ್ಲಿ ಎಷ್ಟೋ ಮನೆಯಲ್ಲಿ ಹೀಗೇ. ಬಿಸಿ ತಡೆಯುವ ಶಕ್ತಿ ಯಾರಿಗೆ ಕಡಿಮೆಯೋ ಅವರೇ ರಾತ್ರಿಯೂ ಬಿಸಿಯಲ್ಲಿ ಮಲಗುತ್ತಾರೆ.

ಅವರು ಪೆನ್ ತೆಗೆದು ಬರೆದುಕೊಂಡರು. "ನಾವು ಇಷ್ಟು ವರ್ಷ ಇನ್‌ಕ್ಯುಬೇಟರ್‌ನಲ್ಲಿ ಒಂದೇ ತಾಪ ಇಟ್ಕೊಂಡು ಕೂತಿದ್ವಿ. ನೀನು ಈಗ ಹೇಳಿದ್ದನ್ನ ಪ್ರಯೋಗ ಮಾಡು" ಅಂದರು. ಇನ್ನೊಂದು ಪೇಪರ್ ಓದು ಅಂತಲೂ ಹೇಳಿದರು. 2025ರಲ್ಲಿ ಸೈನ್ಸ್ ಅಡ್ವಾನ್ಸಸ್ ಅನ್ನುವ ಪತ್ರಿಕೆಯಲ್ಲಿ ಬಂದದ್ದು. ಅಮೆರಿಕದ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಯುನ್‌ಯಂಗ್ ಚೋಯ್ ಮತ್ತು ಜೆನಿಫರ್ ಐಲ್‌ಶೈರ್ 56 ಮತ್ತು ಅದಕ್ಕೂ ಹೆಚ್ಚು ವಯಸ್ಸಿನ 3,686 ಜನರ ರಕ್ತ ನೋಡಿದ್ದರು. ಬಿಸಿ ದಿನಗಳು ಹೆಚ್ಚಿರುವ ಕಡೆ ಇರುವವರ ಜೈವಿಕ ವಯಸ್ಸು, ಅಂದರೆ ದೇಹ ಎಷ್ಟು ಮುದಿಯಾಗಿದೆ ಅನ್ನುವ ಲೆಕ್ಕ, ತಂಪು ಕಡೆಯವರಿಗಿಂತ ಮುಂದೆ ಓಡಿತ್ತು. ಡಿಎನ್‌ಎ ಮೇಲೆ ಅಂಟುವ ಮೀಥೈಲ್ ಗುರುತುಗಳನ್ನು ಓದಿ ಈ ವಯಸ್ಸನ್ನು ಅಂದಾಜು ಮಾಡುತ್ತಾರೆ. ಸ್ಟೀವ್ ಹೋರ್ವಾತ್ ಎಂಬ ವಿಜ್ಞಾನಿ 2013ರಲ್ಲಿ ಅಂಥ 353 ಜಾಗಗಳನ್ನು ಹಿಡಿದು ಕಟ್ಟಿದ ಗಡಿಯಾರ ಈ ಕ್ಷೇತ್ರದಲ್ಲಿ ಎಲ್ಲರಿಗೂ ಗೊತ್ತು.

ಹಾಸ್ಟೆಲ್ ಕೋಣೆಯಲ್ಲಿ ರಾತ್ರಿ ಆ ಪೇಪರ್ ಓದಿದೆ. ವಯಸ್ಸಾದವರ ದೇಹಕ್ಕೆ ಬಿಸಿ ಯಾಕೆ ಕಷ್ಟ ಅನ್ನುವುದು ವೈದ್ಯರಿಗೆ ಗೊತ್ತಿರುವ ವಿಷಯವೇ. ಬೆವರು ಕಡಿಮೆ ಬರುತ್ತದೆ. ನೀರಡಿಕೆಯ ಅರಿವು ಮಂಕಾಗುತ್ತದೆ. ಚರ್ಮಕ್ಕೆ ಜಾಸ್ತಿ ರಕ್ತ ತಳ್ಳಿ ಬಿಸಿ ಹೊರಗೆ ಹಾಕಲು ಹೃದಯಕ್ಕೆ ಮೊದಲಿನ ಕಸುವು ಇರುವುದಿಲ್ಲ. ಬಿಪಿಗೆ ಕೊಡುವ ಕೆಲವು ಗುಳಿಗೆಗಳು ಮೂತ್ರ ಹೆಚ್ಚಿಸಿ ನೀರನ್ನು ಇನ್ನೂ ಕಡಿಮೆ ಮಾಡುತ್ತವೆ. ಹಗಲಿನ ಪೆಟ್ಟಿನಿಂದ ದೇಹ ಸುಧಾರಿಸಿಕೊಳ್ಳುವುದು ರಾತ್ರಿಯ ತಂಪಿನಲ್ಲಿ. ಆ ತಂಪೇ ಸಿಗದಿದ್ದರೆ? ನಮ್ಮ ಜಿಲ್ಲೆಯಲ್ಲಿ ಅರವತ್ತು ದಾಟಿದವರೂ ಬೇಸಿಗೆಯಲ್ಲಿ ಉದ್ಯೋಗ ಖಾತ್ರಿಯ ಮಣ್ಣು ಹೊರುತ್ತಾರೆ. ಅವರು ಸಂಜೆ ಮನೆಗೆ ಬಂದು ತಗಡಿನ ಕೆಳಗೆ ಮಲಗುತ್ತಾರೆ. ಅವರ ರಕ್ತವನ್ನು ಇಂಥ ಗಡಿಯಾರಕ್ಕೆ ಹಾಕಿ ನೋಡಿದ್ದನ್ನು ನಾನೆಲ್ಲೂ ಓದಿಲ್ಲ. ಈ ಗಡಿಯಾರಗಳಲ್ಲಿ ಹೆಚ್ಚಿನವು ಯುರೋಪ್, ಅಮೆರಿಕದ ಜನರ ರಕ್ತದಿಂದ ಕಟ್ಟಿದವು. ಮರುದಿನ ಒಂದು ಭಾಷಣದಲ್ಲಿ ಇದೇ ಮಾತು ಬಂದಾಗ ಕೈ ಎತ್ತಿ ಕೇಳಿದೆ: ಭಾರತದವರ ಮಾದರಿ ತೆಗೆದುಕೊಳ್ಳುವಾಗ ಬಿಸಿಲೂರುಗಳನ್ನು ಬೇರೆ ಗುಂಪಾಗಿ ನೋಡುತ್ತೀರಾ? ನೋಡಬೇಕು ಅಂತ ಭಾಷಣ ಮಾಡಿದವರು ಒಪ್ಪಿದರು, ಊಟದ ಹೊತ್ತಿಗೆ ನನ್ನ ಇಮೇಲ್ ತೆಗೆದುಕೊಂಡರು.

ಊರಿಗೆ ಬಂದ ಮೇಲೆ ಮೇಡಂ ಮುಂದೆ ಎಲ್ಲ ಹರಡಿದೆ. ಮನುಷ್ಯರ ರಕ್ತ, ಬಿಪಿ ಏನು ನೋಡಬೇಕೆಂದರೂ ನೈತಿಕ ಸಮಿತಿಯ ಒಪ್ಪಿಗೆ ಬೇಕು, ವೈದ್ಯರ ತಂಡ ಬೇಕು. ಅದು ಮುಂದಿನ ಮಾತು. ಮೊದಲು ಮನೆಯೊಳಗೆ ರಾತ್ರಿ ಎಷ್ಟು ಬಿಸಿ ಇರುತ್ತದೆ ಅಂತ ತಿಳಿಯೋಣ ಅಂದರು. ಗುಂಡಿಯಷ್ಟು ಸಣ್ಣ ತಾಪಮಾಪಕಗಳು ಬರುತ್ತವೆ, ತಾವೇ ಗಂಟೆಗೊಮ್ಮೆ ದಾಖಲಿಸುತ್ತವೆ. ನಮ್ಮ ಊರಿನಲ್ಲಿ ಮಣ್ಣಿನ ಮಾಳಿಗೆ, ಶಹಾಬಾದ್ ಫರಸಿಯ ಚಾವಣಿ, ತಗಡು, ಆರ್‌ಸಿಸಿ ಎಲ್ಲ ಒಂದೇ ಓಣಿಯಲ್ಲಿ ಸಿಗುತ್ತವೆ. ಪ್ರತಿ ಬಗೆಯಲ್ಲಿ ಕೆಲವು ಮನೆ ಆರಿಸಿ, ಮನೆಯವರನ್ನು ಕೇಳಿ, ವಯಸ್ಸಾದವರು ಮಲಗುವ ಮಂಚದ ಪಕ್ಕದಲ್ಲಿ ಒಂದು, ಮಾಳಿಗೆ ಮೇಲೆ ಒಂದು ಇಡುತ್ತೇವೆ. ಆಶಾ ಕಾರ್ಯಕರ್ತೆಯೊಬ್ಬರು ಮನೆ ತೋರಿಸಲು ಒಪ್ಪಿದ್ದಾರೆ. "ಮುದುಕರು ಇರೋ ಮನಿ ನನಗ ಕೇಳ್ರಿ, ಒಂದೂ ಬಿಡಂಗಿಲ್ಲ" ಅಂದಿದ್ದಾರೆ.

ನೊಣಗಳ ಪ್ರಯೋಗದ ತಯಾರಿ ಮಾತ್ರ ಈಗಲೇ ಶುರು. ಎರಡು ಗುಂಪು. ಹಗಲು ಎರಡಕ್ಕೂ 31 ಡಿಗ್ರಿ. ರಾತ್ರಿ ಒಂದಕ್ಕೆ 22, ಇನ್ನೊಂದಕ್ಕೆ 28. ಈ ಯೋಜನೆ ತೋರಿಸಿದಾಗ ಮೇಡಂ ಸ್ವಲ್ಪ ಹೊತ್ತು ಕಾಗದ ನೋಡಿ, "ಎರಡನೇ ಗುಂಪಿನ ಸರಾಸರಿನೇ ಜಾಸ್ತಿ ಆತಲ್ಲವ್ವ. ಲಗೂ ಸತ್ತವು ಅಂದ್ರ ರಾತ್ರಿಯ ಬಿಸಿಗೆ ಸತ್ತವೋ, ಒಟ್ಟು ಬಿಸಿಗೆ ಸತ್ತವೋ ಹ್ಯಾಂಗ ಹೇಳತಿ?" ಅಂದರು. ಹಗಲು ರಾತ್ರಿ ಹನ್ನೆರಡು ತಾಸಿನಂತೆ ಲೆಕ್ಕ ಹಾಕಿದರೆ ಎರಡನೆಯದರ ಸರಾಸರಿ 29.5. ಹಾಗಾಗಿ ಮೂರನೇ ಗುಂಪು ಸೇರಿತು. ಅದಕ್ಕೆ ಹಗಲು ರಾತ್ರಿ ಒಂದೇ ಸಮ 29.5. ಒಟ್ಟು ಬಿಸಿ ಅಷ್ಟೇ, ಹಂಚಿಕೆ ಬೇರೆ. ಇದರ ಜೊತೆಗೆ 26.5ರಲ್ಲಿ ಸದಾ ಇರುವ ನಾಲ್ಕನೇ ಗುಂಪೂ ಇದ್ದರೆ ಮೊದಲನೆಯದಕ್ಕೂ ಜೋಡಿ ಸಿಗುತ್ತದೆ. ನಮ್ಮಲ್ಲಿ ಇರುವ ಇನ್‌ಕ್ಯುಬೇಟರ್ ಇಷ್ಟಕ್ಕೆ ಸಾಲುವುದಿಲ್ಲ. ಸಸ್ಯಶಾಸ್ತ್ರ ವಿಭಾಗದವರದ್ದು ಫೆಬ್ರುವರಿಯಲ್ಲಿ ಖಾಲಿಯಾಗುತ್ತದೆ, ಕೊಡುತ್ತೇವೆ ಅಂದಿದ್ದಾರೆ. ಅಷ್ಟರೊಳಗೆ ಒಂದೇ ದಿನ ಹುಟ್ಟಿದ ನೊಣಗಳನ್ನು ನಾಲ್ಕೂ ಗುಂಪಿಗೆ ಸಾಲುವಷ್ಟು ಬೆಳೆಸಿಕೊಳ್ಳಬೇಕು.